ಕೊಳಕೂರಿನಲ್ಲಿ ಬಾರಿಸದ ಗಂಟೆ

ಗೌರಮ್ಮನವರೇ, ಆ ದಿನ ನಿಮ್ಮ ಅಣ್ಣ ಸಿದ್ರಾಮಪ್ಪನವರು ನಿಮಗೆ ಫೋನ್ ಮಾಡಿದ್ದರು. ಒಮ್ಮೆಯಲ್ಲ, ಮತ್ತೆ ಮತ್ತೆ. ತಪ್ಪು ನಂಬರನ್ನು ಅವರು ತಿರುಗಿಸಿರಲಿಲ್ಲ. ಅವರ ಕಿವಿಯಲ್ಲಿ ಗಂಟೆ ಬಾರಿಸಿದ್ದು ನಿಜ. ಕೊಳಕೂರಿನ ನಿಮ್ಮ ಮನೆಯಲ್ಲಿ ಅದು ಬಾರಿಸದೇ ಇದ್ದದ್ದೂ ನಿಜ. ಆ ಗಂಟೆಯೇ ಸುಳ್ಳು. ಅದನ್ನು ಅಲ್ಲಿ ಇಟ್ಟವನು ನಾನು.

ಇದನ್ನು ನಿಮ್ಮ ಅಂಗಳದಲ್ಲಿ, ನೀವು ಕೇಳಿದ ಗಳಿಗೆಯಲ್ಲಿಯೇ ಹೇಳಬೇಕಾಗಿತ್ತು. ಹೇಳಲಿಲ್ಲ. ಬರೀ ಸುಮ್ಮನಿದ್ದಿದ್ದರೂ ಒಂದು ಮಾತಾಗುತ್ತಿತ್ತು — ನಾನು ಬೇರೆಯದನ್ನೇ ಹೇಳಿದೆ.

ನಾನು ಆಳಂದ ತಾಲೂಕಿನ ಮಟಕಿಯವನು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ. ದೂರವಾಣಿಯ ನೌಕರಿ ಸಿಕ್ಕ ಮೇಲೆ ‘ಬರ್ತೇನಿ’ ಎನ್ನುವ ನಾಲಿಗೆಗೆ ‘ಬರುತ್ತೇನೆ’ ಎಂದು ಕಲಿಸಿಕೊಂಡೆ. ಎಲ್ಲಿ ತಪ್ಪಾದೀತೋ, ಯಾರು ನಕ್ಕಾರೋ ಎಂಬ ಅಂಜಿಕೆ. ಮನೆಯಲ್ಲಿಯೂ ಹಾಗೆಯೇ ಮಾತನಾಡಿದಾಗ ನಮ್ಮ ತಂದೆ, “ಏನಲೇ, ರೇಡಿಯೋ ನುಂಗಿ ಬಂದೀಯೇನು?” ಎಂದು ಕೇಳಿದ್ದರು. ನಾನು ನಗಲಿಲ್ಲ.

ಅಫಜಲಪುರ ತಾಲೂಕಿನ ನದೀದಂಡೆಯ ಆ ಊರಿಗೆ — ನಿಮ್ಮ ತವರೂರಿಗೆ — ತಾನೇ ಕರೆ ಜೋಡಿಸುವ ಹೊಸ ಯಂತ್ರ ಬಂದಾಗ ಅದನ್ನು ನನಗೆ ಒಪ್ಪಿಸಿದರು. ಅದರ ಮೂಲ ನಕ್ಷೆ ಪರದೇಶದ್ದು. ಅದು ಹೊರಡಿಸುವ ಸದ್ದುಗಳೂ ಆ ದೇಶದವೇ. ಅವುಗಳನ್ನು ತೆಗೆದು ನಮ್ಮ ದೇಶದ ಜಾಲಕ್ಕೆ ಗೊತ್ತುಪಡಿಸಿದ ಸದ್ದುಗಳನ್ನು ಕೂಡಿಸುವುದು ನನ್ನ ಕೆಲಸ. ಎಡೆಬಿಡದ ಗುಂಯ್‌ಗುಡುವಿಕೆ ಎಂದರೆ ನಂಬರು ತಿರುಗಿಸಬಹುದು. ಜೋಡಿ ಜೋಡಿಯಾಗಿ ಬರುವ ಗಂಟೆ ಎಂದರೆ ಆ ಮನೆಯಲ್ಲಿ ಫೋನ್ ಬಾರಿಸುತ್ತಿದೆ. ನಿಧಾನವಾಗಿ ಕಡಿಕಡಿದು ಬಂದರೆ ಅವರು ಬೇರೆಯವರ ಸಂಗಡ ಮಾತನಾಡುತ್ತಿದ್ದಾರೆ. ಅದೇ ಸದ್ದು ಅವಸರದಿಂದ ಬಂದರೆ — ದಾರಿ ಇಲ್ಲ, ಕರೆ ಅಲ್ಲಿಗೆ ಮುಟ್ಟಿಲ್ಲ. ನಮ್ಮ ಕಡೆಯ ಮನುಷ್ಯ ದಿಲ್ಲಿಗೆ ಹೋಗಿ ಫೋನ್ ಎತ್ತಿದರೂ ಇದೇ ಅರ್ಥ ಆಗಬೇಕು. ಅಕ್ಷರ ಬಾರದವರಿಗೂ ತಿಳಿಯುವ ಒಂದು ಭಾಷೆಯನ್ನು ಕೂಡಿಸುತ್ತಿದ್ದೇನೆ ಎಂದು ನಾನು ಹೆಮ್ಮೆಪಟ್ಟಿದ್ದೆ — ಆ ಹೆಮ್ಮೆ ಸುಳ್ಳಲ್ಲ. ಅದನ್ನು ಕೆಡಿಸಿದವನು ನಾನೇ ಆದದ್ದು —

ಜನರಿಗೆ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಫೋನಿನಲ್ಲಿ ನಮಗೆ ಕೇಳುವ ಗಂಟೆ ಆ ದೂರದ ಮನೆಯ ಗಂಟೆಯಲ್ಲ. ಅದು ಯಂತ್ರ ತಾನಾಗಿ ಹುಟ್ಟಿಸಿ ನಮ್ಮ ಕಿವಿಗೆ ಕೊಡುವ ಸದ್ದು. ಅಲ್ಲಿ ಏನೂ ಬಾರಿಸದಿದ್ದರೂ ಇಲ್ಲಿ ಅದನ್ನು ಕೇಳಿಸಬಹುದು.

ಜೇವರ್ಗಿ ಕಡೆಗೆ, ಅಂದರೆ ನಿಮ್ಮ ಕೊಳಕೂರಿಗೂ, ಹೋಗುವ ತಂತಿಯ ದಾರಿ ಮೊದಲಿನಿಂದಲೂ ದುರ್ಬಲ. ಗಾಳಿ ಬೀಸಿದರೆ ಸಾಕು, ಸತ್ತುಹೋಗುತ್ತಿತ್ತು. ಆಗ ಅವಸರದ ಸದ್ದು. ಜನ ಕಚೇರಿಗೇ ಬಂದು ಬೈಯುತ್ತಿದ್ದರು. “ಏನ್ರಿ ಸಾಹೇಬ್ರ, ನಿಮ್ಮ ಮಶೀನಿಗಿ ಬಿಕ್ಕಳಿಕಿ ಹತ್ಯಾದೇನ್ರಿ? ಒಂದೀಟು ನೀರರೆ ಕುಡಸ್ರಿ!” ಎಂದು ನಿಮ್ಮ ಅಣ್ಣನವರೇ ಒಮ್ಮೆ ನಗಿಸಿದ್ದರು. ಕಚೇರಿಯ ಎದುರಿಗೇ ಅವರ ಕಿರಾಣಿ ಅಂಗಡಿ ಇತ್ತಲ್ಲ. ಯಂತ್ರವನ್ನು ಪರೀಕ್ಷಿಸಲು ದೊಡ್ಡ ಅಧಿಕಾರಿಗಳು ಬರುವವರಿದ್ದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನನ್ನ ಮೇಲಿನವರು ಕುರ್ಚಿಗೆ ಒರಗಿ ಕುಳಿತು ಹೇಳಿದರು:

“ಬಿಕ್ಕಳಿಕಿ ಕೇಳಿದ್ರ ಮಂದಿ ಬೈತಾರ. ಗಂಟಿ ಕೇಳಿದ್ರ ಕಾಯ್ತಾರ. ತಿಳೀತೇನಪಾ?”

ಇಷ್ಟೇ. ಅವರು ಹುಕುಂ ಕೊಡಲಿಲ್ಲ. ತಿಳಿಯಿತು ಎಂದವನು ನಾನು. ಆ ಒಂದು ದಾರಿ ಸತ್ತಾಗ ಅವಸರದ ಸದ್ದಿನ ಬದಲು ಗಂಟೆಯ ಸದ್ದು ಹೋಗುವಂತೆ ಯಂತ್ರದಲ್ಲಿ ಅದಲುಬದಲು ಮಾಡಿದವು ನನ್ನ ಕೈಗಳು. ಅಧಿಕಾರಿಗಳು ಬಂದು ಹೋಗುವವರೆಗೆ ಮಾತ್ರ ಎಂದುಕೊಂಡೆ. ಅವರು ಬಂದರು, ಮೆಚ್ಚಿದರು, ಹೋದರು. ಬೈಯುವವರ ಸದ್ದೂ ಅಡಗಿತು. ಜೇವರ್ಗಿ ಕಡೆಯವರು ಈಗೀಗ ಫೋನ್ ಎತ್ತುವುದಿಲ್ಲ, ಸೊಕ್ಕು ಬಂದಿದೆ ಎಂದು ನಿಮ್ಮ ತವರೂರಿನವರು ಆಡಿಕೊಳ್ಳತೊಡಗಿದರು. ಅದು ನನಗೆ ಕೇಳಿಸುತ್ತಿತ್ತು. ಆದರೂ ಸರಿಪಡಿಸಲಿಲ್ಲ. ನಾಳೆ ಮಾಡೋಣ ಎಂದು... ಅಷ್ಟರಲ್ಲಿ ಮಳೆಗಾಲ ಬಂತು.

ನಿಮ್ಮ ಎರಡೂ ಮನೆಗಳ ಪದ್ಧತಿ ನನಗೆ ಆಗ ಗೊತ್ತಿರಲಿಲ್ಲ. ಮೇಲಿನ ಅಣೆಕಟ್ಟಿನಿಂದ ಬಿಟ್ಟ ಭೀಮಾ ನದಿಯ ನೀರು ಮೊದಲು ಮುಟ್ಟುವುದು ತವರಿಗೆ, ಆಮೇಲೆ ನಿಮಗೆ. ಮೇಲಿನವರು ಕೆಳಗಿನವರಿಗೆ ಹೇಳಿಕಳುಹಿಸಬೇಕು. ಹಿಂದೆ ಸೈಕಲ್ ಮೇಲೆ ಆಳು ಬರುತ್ತಿದ್ದನಂತೆ, ಫೋನ್ ಬಂದ ಮೇಲೆ ಅಣ್ಣನೇ ಮಾತನಾಡುತ್ತಿದ್ದರು: “ನೀರು ಬಿಟ್ಟಾರ ಬೇ, ಏಳ್ರಿ.” ಆ ಮಾತು ಬರುವ ತನಕ ನಿಮ್ಮ ಮನೆಯಲ್ಲಿ ಯಾರೂ ಅಂಜುತ್ತಿರಲಿಲ್ಲ.

ಆ ಮಧ್ಯಾಹ್ನ ಹೊಳೆ ಕೆಂಪಾಗಿ, ಸದ್ದಿಲ್ಲದೆ ಏರುತ್ತಿತ್ತು. ಜೇವರ್ಗಿ ಕಡೆಯ ತಂತಿ ಎಲ್ಲಿಯೋ ಹರಿದು ಬಿದ್ದಿತ್ತು. ನಾನು ಕಚೇರಿಯ ಬಾಗಿಲಲ್ಲಿ ನಿಂತಿದ್ದೆ. ಎದುರಿನ ಅಂಗಡಿಯಲ್ಲಿ ನಿಮ್ಮ ಅಣ್ಣ ಫೋನನ್ನು ಕಿವಿಗೊತ್ತಿಕೊಂಡು ನಿಂತವರು, ಇಟ್ಟು, ಮತ್ತೆ ತಿರುಗಿಸಿದರು. ಕಡೆಗೆ ಅವರ ಮುಖ ಹಗುರಾಯಿತು. ಅದನ್ನು ನಾನು ಕಣ್ಣಾರೆ ಕಂಡೆ.

“ಗಂಟಿ ಹೊಡ್ಯಾಕತ್ತದ್ರಿ, ಯಾರೂ ಎತ್ತವಲ್ರು,” ಎಂದು ನನಗೇ ಕೂಗಿ ಹೇಳಿದರು. “ಮನಿ ಖಾಲಿ ಮಾಡಿ ಎತ್ತರಕ್ಕ ಹೋಗ್ಯಾರ ಕಾಣ್ತದ. ಶಾಣ್ಯಾಕಿ ಆಗ್ಯಾಳ್ರಿ ನಮ್ಮ ತಂಗಿ!”

ಆಳನ್ನು ಕಳುಹಿಸಲು ಹೊರತೆಗೆದಿದ್ದ ಮೋಟರ್ ಸೈಕಲನ್ನು ಒಳಗೆ ಇಡಿಸಿದರು.

ಆ ಗಂಟೆ ಯಾವುದು ಎಂಬ ಅನುಮಾನ ನನಗೆ ಬಂದಿತ್ತು, ಗೌರಮ್ಮನವರೇ. ಬಂದಿರಲಿಲ್ಲ ಎಂದು ಬರೆಯಲು ಎಷ್ಟೋ ಸಲ ಕುಳಿತಿದ್ದೇನೆ. ಬಂದಿತ್ತು. ರಸ್ತೆ ದಾಟಿದ್ದರೆ ಸಾಕಾಗಿತ್ತು. ದಾಟಿದ್ದರೆ ಗಂಟೆಯ ಕಥೆಯನ್ನೂ ಹೇಳಬೇಕಾಗುತ್ತಿತ್ತು. ನಾನು ಒಳಗೆ ಹೋದೆ.

ನಾವು ಕಚೇರಿಯವರು ಕೊಳಕೂರಿಗೆ ಬಂದದ್ದು ನೀರು ಇಳಿದ ಮೇಲೆ, ತಂತಿ ಕಟ್ಟಿಸುವುದಕ್ಕಾಗಿ. ಅದು ಹರಿದದ್ದು ನೀರು ಬಂದ ಮೇಲೆ ಎಂದೇ ಊರವರು ತಿಳಿದಿದ್ದರು. ನಿಮ್ಮ ಯಜಮಾನರು ದಂಡೆಯ ಕೊಟ್ಟಿಗೆಯಿಂದ ಎಮ್ಮೆಗಳನ್ನು ಬಿಚ್ಚಿ ತರಲು ಹೋಗಿ ನೀರುಪಾಲಾಗಿದ್ದರು. ಅವರು ಮುಂಚೆಯೇ ಹೊರಟಿದ್ದರಂತೆ. ತಡೆದವರು ನೀವಂತೆ — “ನಮ್ಮಣ್ಣ ಫೋನ್ ಮಾಡ್ತಾನ, ಆಮ್ಯಾಲ ಹೋಗ್ರಿ” ಎಂದು. ಕೆಸರು ಮೆತ್ತಿದ ಅಂಗಳದಲ್ಲಿ ಅಣ್ಣ ನಿಂತಿದ್ದರು. ನೀವು ಅವರ ಕಡೆಗೆ ನೋಡುತ್ತಲೂ ಇರಲಿಲ್ಲ.

“ಫೋನಿನ ಬಾಜೂಕ ಕುಂತಿದ್ದೆ ನಾ. ಎದ್ದು ನೀರು ಸುದ್ದ ಕುಡೀಲಿಲ್ಲ. ಸುಳ್ಳ್ಯಾಕ ಹೇಳ್ತಿ?”

“ಬಸವಣ್ಣನ ಆಣಿ ಬೇ. ಗಂಟಿ ಹೊಡೀತು. ನೀವs ಎತ್ತಲಿಲ್ಲ.”

ಆಗ ನೀವು ನನ್ನ ಕಡೆ ತಿರುಗಿದಿರಿ. “ಸಾಹೇಬ್ರ, ನೀವು ಓದಿದವ್ರು. ನೀವs ಹೇಳ್ರಿ. ನಮ್ಮ ಫೋನ್ ಕೆಟ್ಟಿತ್ತೇನು?”

ನಾನು ಉಪಕರಣವನ್ನು ಪರೀಕ್ಷಿಸಿದೆ. ಅದು ಚೆನ್ನಾಗಿಯೇ ಬಾರಿಸಿತು. ಆ ಸದ್ದಿಗೆ ಒಳಗಿನ ಹೆಂಗಸರು ಅಳುವುದನ್ನು ನಿಲ್ಲಿಸಿದರು. ನಾನು ಕಲಿತ ಶುದ್ಧ ಕನ್ನಡದಲ್ಲಿ ಹೇಳಿದೆ: “ಉಪಕರಣದಲ್ಲಿ ಯಾವ ದೋಷವೂ ಇಲ್ಲ. ಬಹುಶಃ ಇವರು ತಪ್ಪು ನಂಬರನ್ನು ತಿರುಗಿಸಿರಬಹುದು.”

ನೀವು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ನಾನು ಮರಳಿ ಹೋಗಿ ಯಂತ್ರವನ್ನು ಮೊದಲಿನಂತೆ ಸರಿಪಡಿಸಿದೆ. ಗುರುತು ಉಳಿಯಲಿಲ್ಲ. ನೌಕರಿಯೂ ಕಾಯಂ ಆಯಿತು.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಏಕೆ ಬರೆಯುತ್ತಿದ್ದೇನೆ — ಹೋದ ನಾಗರ ಪಂಚಮಿಯ ಮುನ್ನಾದಿನ ಜೇವರ್ಗಿಯ ಬಸ್ ನಿಲ್ದಾಣದಲ್ಲಿ ನಿಮ್ಮ ಅಣ್ಣ ಸಿಕ್ಕರು. ಮುದುಕರಾಗಿದ್ದಾರೆ. ಮಡಿಲಲ್ಲಿ ಉಂಡಿಯ ಬುಟ್ಟಿ, ಅದರ ಮೇಲೆ ಮಡಿಕೆ ಬಿಚ್ಚದ ಸೀರೆ.

“ತಂಗೀನ ಕರ್ಯಾಕ ಹೋಗಿದ್ದೆರಿ. ಪ್ರತಿ ಪಂಚಮಿಗಿ ಹೋಗ್ತೇನಿ. ಬಾಗಲಾ ತೆಗ್ಯಾಂಗಿಲ್ಲ. ಹಂಗs ತಿರುಗಿ ಬರ್ತೇನಿ,” ಎಂದು ನಕ್ಕರು. ಆಮೇಲೆ ತಾವಾಗಿಯೇ, “ನಾನs ತಪ್ಪು ನಂಬರ್ ತಿರುವಿರಬೇಕ್ರಿ. ಅವಸರದಾಗ ಕೈ ತಪ್ಪಿರಬೇಕು. ನೀವು ಅಂದದ್ದು ಖರೇನs ಅದ,” ಎಂದರು.

ನನ್ನ ಸುಳ್ಳನ್ನು ಅವರು ತಮ್ಮದೇ ನೆನಪನ್ನಾಗಿ ಮಾಡಿಕೊಂಡಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬುಟ್ಟಿಯಿಂದ ಒಂದು ಶೇಂಗಾ ಉಂಡಿ ತೆಗೆದು ಕೈಯಲ್ಲಿಟ್ಟರು. “ತಿನ್ರಿ ಸಾಹೇಬ್ರ. ವಾಪಸ್ ಒಯ್ದರ ನಮ್ಮ ಮನಿಯಾಕಿ ಅಳ್ತಾಳ.”

ನಾನು ತಿಂದೆ. ನಿಮ್ಮ ಪಾಲಿನದನ್ನು ತಿಂದು, ಬಸ್ಸು ಹತ್ತಿದೆ. ಅಂದೂ ಹೇಳಲಿಲ್ಲ.

ಈ ಪಂಚಮಿಗೆ ಅವರು ಬರುವ ಬಸ್ಸಿನಲ್ಲಿಯೇ ನಾನೂ ಬರುತ್ತೇನೆ. ದಾರಿಯಲ್ಲಿ ಅವರಿಗೆ ಹೇಳುತ್ತೇನೆ. ನಿಮ್ಮ ಬಾಗಿಲಲ್ಲಿ ನಿಂತು ಕೊಳಕೂರಿನ ಮಂದಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳುತ್ತೇನೆ. ಆಮೇಲೆ ನೀವು ನನಗೆ ಏನು ಮಾಡಿದರೂ ಸರಿ. ನನ್ನನ್ನು ಒಳಗೆ ಕರೆಯಬೇಡಿ. ಅವರನ್ನು ಕರೆಯಿರಿ.