ಸದಾನಂದಣ್ಣನ ಮೂಗು

ಕಳೆದ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಅಂಧೇರಿಯ ಹೋಟೆಲೊಂದರಲ್ಲಿ ನಾವು ಐದಾರು ಜನ ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿಗಳ ರುಚಿ ನೋಡಿ ಅಂಕ ಕೊಡುತ್ತಿದ್ದಾಗ ಅಡುಗೆಮನೆಯಲ್ಲಿ ಗ್ಯಾಸ್ ಸೋರಿತು. ವಾಸನೆ ಬಂದದ್ದೇ ಎಲ್ಲರೂ ಬಾಗಿಲಿಗೆ ಓಡಿದೆವು. ನಮಗೆ ರುಚಿ ವಿವರಿಸುತ್ತಿದ್ದ ಹಿರಿಯ ಬಾರ್‌ಮನ್, ಉಡುಪಿಯ ಸದಾನಂದಣ್ಣ ಮಾತ್ರ ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಹೊಗೆ ಪರಿಮಳ ಉಂಟು, ಹಿಂದೆ ಸ್ವಲ್ಪ ಜೇನು" ಎನ್ನುತ್ತಲೇ ಇದ್ದರು. ನಾನು ಹಿಂದಿರುಗಿ ಅವರ ಕೈ ಹಿಡಿದು ಎಳೆದು ತಂದೆ.

ಹೊರಗೆ ಅವರ ಮುಖ ಬಿಳಿಚಿತ್ತು. "ಕೊರೊನಾ ಬಂದ ಮೇಲೆ ನಂಗೆ ವಾಸನೆಯೇ ಇಲ್ಲ ಮಾರಾಯ್ರೆ. ಲೇಬಲ್ ನೋಡಿ ಹಳೇ ನೆನಪಲ್ಲಿ ಹೇಳುದು. ಧಣಿಗೆ ಗೊತ್ತಾದ್ರೆ ಕೆಲಸ ಹೋಯ್ತು."

ನಾನು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಅವರೇ ಧಣಿಗೆ ಹೇಳಿದರು. ಈಗ ಆ ಹೋಟೆಲಿನಲ್ಲಿ ವಿಸ್ಕಿಯ ರುಚಿ ವಿವರಿಸುವವರು ಬೇರೆ. ಸದಾನಂದಣ್ಣ ಅಲ್ಲೇ ಟೇಬಲ್ ನೋಡಿಕೊಳ್ಳುತ್ತಿದ್ದಾರೆ.