ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ

ಎಡಗಾಲಿನಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಳ್ಳುವ ಚಾಳಿ ಅಂಟಿ ಎಂಟು ದಿನವಾಯಿತು. ದಿನಚರಿಯಲ್ಲಿ ಬರೆದಿದ್ದೇನೆ, ಅಮ್ಮನಿಗೆ ಹೇಳಿಲ್ಲ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಟ್ಟೀತೆಂಬ ಭಯ.

ಪತ್ರಿಕೆಯ ಪುರವಣಿಗೆ ಬರೆಯಲೆಂದು ಆಸ್ಪತ್ರೆಯ ನೆಲಮಾಳಿಗೆಗೆ ಬಂದಿದ್ದೇನೆ. ಬೆಳಗಿನ ಐದೂವರೆ, ಬಟ್ಟೆ ಒಗೆಯುವ ಯಂತ್ರಗಳು ಇನ್ನೂ ಸದ್ದೆತ್ತಿಲ್ಲ. ಐವತ್ತು ದಾಟಿದ ಹೆಂಗಸೊಬ್ಬರು ಗೋಡೆಗೆ ಕೈಕೊಟ್ಟು, ಬೆರಳುಗಳನ್ನು ಮೇಲೆತ್ತಿ, ಬರೀ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯುತ್ತಾರೆ.

"ಬಂತು ನೋಡ್ರೇ, ಬಾತುಕೋಳಿ ಮೆರವಣಿಗೆ!" ಇಸ್ತ್ರಿ ಮಾಡುವಾಕೆ ನಗುತ್ತಾಳೆ.

"ನಗು, ನಗು. ನಿನ್ನ ಸೊಂಟ ಹಿಡೀಲಿ, ಆಗ ಮೆರವಣಿಗೆಗೆ ನೀನೇ ಮುಂದೆ."

ಹೀಗಾಗಿ ಎಲ್ಲರಿಗೂ ಅವರು ಬಾತಕ್ಕ. ದಿನಕ್ಕೆ ಮುನ್ನೂರು ಬೆಡ್‌ಶೀಟು ಅವರ ಕೈದಾಟಿ ಹೋಗುತ್ತವೆ. ಮೇಲಿನ ರೋಗಿಗಳಿಗೆ ಬೆಡ್‌ಶೀಟು ಗೊತ್ತು, ಬಾತಕ್ಕ ಗೊತ್ತಿಲ್ಲ.

ಆರು ವರ್ಷದ ಹಿಂದೆ ಸೊಂಟದಿಂದ ಹಿಮ್ಮಡಿವರೆಗೆ ಕಾದ ತಂತಿ ಎಳೆದಂಥ ನೋವು ಶುರುವಾಯಿತು. ಸಯಾಟಿಕಾ, ಸೊಂಟದ ನರ ಒತ್ತಿ ಬರುವ ನೋವು. "ಕೆಲಸದಿಂದ ತೆಗೀತಾರೇನೋ ಅಂತ ತುಟಿ ಬಿಚ್ಚಲಿಲ್ಲ. ಹಳೇ ಬೆಡ್‌ಶೀಟು ಹರಿದು ಸೊಂಟಕ್ಕೆ ಬಿಗಿದೆ, ಒದ್ದೆ ಗಂಟು ಹೊತ್ತೆ. ಒಂದಿನ ನೋವು ನಿಂತೇ ಹೋಯ್ತು. ವಾಸಿ ಆಯ್ತು ಅಂತ ಕುಣಿದಾಡಿದೆ, ಪೆದ್ದಿ! ಮಾರನೇ ವಾರ ಮೆಟ್ಟಿಲು ಹತ್ತೋಕೆ ಹೋದ್ರೆ ಪಾದ ಏಳಲೇ ಇಲ್ಲ ಕಣಮ್ಮ. ನರ ಸೋತಿತ್ತು."

ನನ್ನ ಪೆನ್ನು ನಿಲ್ಲುತ್ತದೆ. ನನ್ನ ಸೊಂಟದ ನೋವು ನಿಂತೂ ಎಂಟು ದಿನವಾಗಿದೆ.

ಫಿಸಿಯೋಥೆರಪಿಯಲ್ಲಿ ಪಾದ ಮತ್ತೆ ಮಾತು ಕೇಳಲು ಐದು ತಿಂಗಳು ಹಿಡಿಯಿತು. ಈಗ ಅವರು ಬೆನ್ನು ಬಗ್ಗಿಸದೆ ಮಂಡಿ ಮಡಿಸಿ ಭಾರ ಎತ್ತುತ್ತಾರೆ, ಒಂದು ಗಂಟನ್ನು ಎರಡು ಮಾಡುತ್ತಾರೆ, ಮಧ್ಯಾಹ್ನ ಚಾಪೆಯ ಮೇಲೆ ಹೇಳಿಕೊಟ್ಟ ವ್ಯಾಯಾಮ ತಪ್ಪಿಸುವುದಿಲ್ಲ. ಬೆಳಗಿನ ಹತ್ತು ಹೆಜ್ಜೆ ಪರೀಕ್ಷೆ: ಬೆರಳು ಏಳದ ದಿನ ನೇರ ಡಾಕ್ಟರ ಹತ್ತಿರ.

"ನೋವು ಪೂರ್ತಿ ಹೋಯ್ತಾ?"

"ಎಲ್ಲಿ ಹೋಗುತ್ತೆ? ಅತ್ತೆ ಇದ್ದಂಗೆ ಅದು. ಓಡಿಸೋಕಾಗಲ್ಲ, ಹೊಂದಿಕೊಂಡು ಬಾಳ್ಬೇಕು."

ಅವರ ಆಸೆ ಸಣ್ಣದು: ಒದ್ದೆ ಬಟ್ಟೆಯ ಬುಟ್ಟಿ ಇಡಲು ಸೊಂಟದೆತ್ತರದ ಒಂದು ಮೇಜು. ಅಷ್ಟು ಬರೆದುಕೊಂಡು ಹೊರಡುತ್ತೇನೆ.

"ನಿಲ್ಲು. ಬಂದಾಗಿಂದ ನೋಡ್ತಿದೀನಿ, ನಿನ್ನ ಒಂದು ಚಪ್ಪಲಿ ನೆಲ ಒರೆಸ್ಕೊಂಡೇ ಬರ್ತಿದೆ."

"ಏನಿಲ್ಲಕ್ಕ."

"ಏನಿಲ್ಲ ಅಂತಾನೇ ನಾನೂ ಅಂದಿದ್ದು. ಹಿಡಿ ಗೋಡೇನ."

ಹಿಡಿಯುತ್ತೇನೆ. ಬಲಗಾಲಿನ ಬೆರಳುಗಳು ಏಳುತ್ತವೆ. ಇಸ್ತ್ರಿಯಾಕೆ ಈ ಸಲ ನಗುತ್ತಿಲ್ಲ.

"ಅಕ್ಕಾ," ಎನ್ನುತ್ತೇನೆ, ಗಟ್ಟಿಯಾಗಿ, "ನನ್ನ ಎಡಪಾದ ಏಳ್ತಿಲ್ಲ."