ಪರದೆ ಬೆಳ್ಳಗಾದ ಮೇಲೆ

ಮದ್ರಾಸಿನ ಅಣ್ಣಾ ನಗರದ ನಮ್ಮ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ವಿದೇಶಿ ಸಿನಿಮಾ ತೋರಿಸುತ್ತಾರೆ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಹಿಡಿಯುವಷ್ಟು ಚುರುಕು ನಮ್ಮ ಹಿರಿಯರ ಕಣ್ಣಿಗೆ ಉಳಿದಿಲ್ಲ. ಅದಕ್ಕೇ ಮೂಲೆಯಲ್ಲಿ ಮೈಕು ಹಿಡಿದು ಕೂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ವಿಮಾ ಕಚೇರಿಯಿಂದ ನಿವೃತ್ತಳಾಗಿ ಮನೆಯಲ್ಲಿ ಹಾಯಾಗಿದ್ದವಳಿಗೆ ಈ ಬಿಟ್ಟಿ ಚಾಕರಿ ಗಂಟುಬಿದ್ದಿದೆ. ಮಧ್ಯೆ ಒಂದು ಸಾಲು ತಪ್ಪಿದರೆ ಕತ್ತಲಲ್ಲೇ ಗದರಿಸುವವರಿಗೇನೂ ಕಡಿಮೆಯಿಲ್ಲ.

ಆ ತಿಂಗಳು ನಮ್ಮ ಕಾರ್ಯದರ್ಶಿ ಆರಿಸಿದ್ದು ಮೈಗೆ ಬಾಂಬು ಕಟ್ಟಿಕೊಂಡು ಸಾಯಲು ಹೊರಟವರ ಸಿನಿಮಾ. ಗೊತ್ತಾದ ಕೂಡಲೇ ನಾನು ಪೋರೂರಿನ ಗೆಳತಿಗೆ ಫೋನ್ ಮಾಡಿ, ಈ ಸಲ ಬರಬೇಡ ಎಂದೆ. ಅವಳ ಗಂಡ ಒಂದು ಬ್ಯಾಂಕಿನ ಕೊಲಂಬೊ ಶಾಖೆಯಲ್ಲಿದ್ದರು. ಯುದ್ಧದ ಕಾಲದಲ್ಲಿ, ಒಂದು ಬೆಳಿಗ್ಗೆ, ಅಂಥವನೇ ಒಬ್ಬ ಅವರ ಬೀದಿಗೆ ಬಂದಿದ್ದ. ಆಗ ಅವಳು ಇಬ್ಬರು ಮಕ್ಕಳ ಸ್ಕೂಲಿನ ಸಲುವಾಗಿ ಇಲ್ಲೇ ಉಳಿದಿದ್ದಳು. ನನ್ನ ಮಾತನ್ನು ಅವಳು ಪೂರ್ತಿ ಕೇಳಿಸಿಕೊಂಡಳು.

"ಅದಕ್ಕೇ ಬರ್ತೀನಿ ಅನ್ನೋದು," ಎಂದಳು. "ಅಲ್ಲಿ ನಿಂತಿದ್ದೋರಿಗೆ ಏನಾಯ್ತು ಅಂತ ಒಂದ್ಸಲ ನೋಡ್ಬೇಕು. ನಂಗೆ ಯಾರೂ ಸರಿಯಾಗಿ ಹೇಳ್ಲೇ ಇಲ್ಲ."

ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ, ಮಾಮೂಲಿನಂತೆ ಬಂದು ಕೂತಳು.

ಕತೆ ಸೈನ್ಯದ ಕಾವಲಿನಲ್ಲಿರುವ ಒಂದು ಊರಿನದು. ಅಲ್ಲೊಬ್ಬಳು ಹೊಲಿಗೆ ಅಂಗಡಿಯ ಹುಡುಗಿ. ಅವಳ ಅಣ್ಣನನ್ನು ಸೈನಿಕರು ಎಳೆದೊಯ್ದಿದ್ದಾರೆ. ಬಾಂಬಿನ ಅಂಗಿಗೆ ಅಳತೆ ತೆಗೆಯಲು ಬಂದ ಗಂಡಸಿಗೆ ಟೇಪು ಹಿಡಿಯಲು ಬರುವುದಿಲ್ಲ, ಅವಳೇ ತನ್ನ ಅಳತೆ ತೆಗೆದು ಹೇಳುತ್ತಾಳೆ. ಹೊರಡುವ ಮುಂಚೆ ಮನೆಯವರ ಗುರುತು ಯಾರಿಗೂ ಸಿಗಬಾರದೆಂದು ಅವಳ ಮೈಮೇಲಿದ್ದ ಒಂದೊಂದನ್ನೂ ತೆಗೆಸುತ್ತಾರೆ. ಬಳೆಯೊಂದು ಮಾತ್ರ ಬರುವುದಿಲ್ಲ. ಸೋಪು ಹಚ್ಚಿ ಎಳೆಯುತ್ತಾರೆ. ನಮ್ಮ ಹೆಂಗಸರ ಸಾಲಿನಿಂದ ಎಣ್ಣೆ ಹಚ್ಚಬೇಕು ಎಂಬ ಸಲಹೆ ಬಂತು, ನಾಲ್ಕು ಜನ ನಕ್ಕರು. ಆ ಹೊತ್ತಿಗೆ ಎಲ್ಲರಿಗೂ ಅವಳು ನಮ್ಮನೆ ಹುಡುಗಿಯೇ ಆಗಿಬಿಟ್ಟಿದ್ದಳು. ಅವಳು ಬಸ್ಸು ಹತ್ತಿದಾಗ ನನ್ನ ಹಿಂದೆ ಯಾರೋ, ಬೇಡ ಕಂದಾ, ಇಳಿದುಬಿಡು ಎಂದು ಗೊಣಗುತ್ತಿದ್ದರು.

ಬಸ್ಸು ಸಂತೆಯ ಬಳಿ ನಿಂತಿತು. ಸೊಪ್ಪಿನವಳು, ಊಟದ ಡಬ್ಬಿ ಬಿಚ್ಚುತ್ತಿದ್ದ ಒಬ್ಬ ಗುಮಾಸ್ತ, ಕೆಲಸವಿಲ್ಲದೆ ನಿಂತ ಸೈನಿಕರು. ಹುಡುಗಿಯ ಕೈ ಅಂಗಿಯೊಳಗೆ ಹೋಯಿತು. ಪರದೆ ಬೆಳ್ಳಗಾಯಿತು. ಸದ್ದೂ ಇಲ್ಲ.

"ಏನಾಯ್ತು? ಹೇಳ್ರೀ," ಎಂದು ಹಿಂದಿನ ಸಾಲಿನ ಅಜ್ಜಿಯೊಬ್ಬರು ನನ್ನನ್ನು ಕೇಳಿದರು.

ಓದಲು ಕೆಳಗೆ ಸಾಲೇ ಇರಲಿಲ್ಲ. ಬಿಳಿ ಪರದೆಯ ಮೇಲೆ ಹೆಸರುಗಳು ಬಂದವು, ದೀಪ ಹಾಕಿದರು.

ಸಿನಿಮಾ ಮುಗಿದ ಮೇಲೆ ಚರ್ಚೆ, ಆಮೇಲೆ ಕಾಫಿ. ಕಾರ್ಯದರ್ಶಿಗೆ ಆ ಬಿಳಿ ಪರದೆ ಬಹಳ ಹಿಡಿಸಿತ್ತು. ಒಂದು ತೊಟ್ಟು ರಕ್ತ ತೋರಿಸದೆ ನಿರ್ದೇಶಕ ಎಲ್ಲವನ್ನೂ ಹೇಳಿದ್ದಾನೆ, ಇದು ನಿಜವಾದ ಸಂಯಮ ಎಂದರು. ರೈಲ್ವೆಯಿಂದ ನಿವೃತ್ತರಾದ ನಮ್ಮ ಸದಸ್ಯರೊಬ್ಬರು ಕುರ್ಚಿಯ ಕೈ ಗುದ್ದಿ, ಕೊಲೆಗಾತಿಗೆ ಕಣ್ಣೀರು ಹಾಕಿಸುವ ಇಂಥ ಸಿನಿಮಾ ತಂದವರ ಮೇಲೆ ದೂರು ಕೊಡಬೇಕು ಎಂದು ಕೂಗಾಡಿದರು. ಕಾರ್ಯದರ್ಶಿಯ ಮೊಮ್ಮಗಳು, ಕಾಲೇಜಿನ ಹುಡುಗಿ, ತಮಿಳಿನಲ್ಲಿ ತಿರುಗಿಬಿದ್ದಳು. ಅಣ್ಣನನ್ನು ಎಳೆದೊಯ್ದವರ ಬಗ್ಗೆ ಯಾಕೆ ಯಾರೂ ಒಂದು ಮಾತೂ ಆಡುವುದಿಲ್ಲ ಎಂಬುದು ಅವಳ ಪ್ರಶ್ನೆ. ಮದ್ರಾಸಿನಲ್ಲಿ ಈ ಮಾತು ಪರದೇಶದಲ್ಲೇ ನಿಲ್ಲುವುದುಂಟೇ? ನೋಡನೋಡುತ್ತಲೇ ಸಮುದ್ರ ದಾಟಿ ಸಿಂಹಳಕ್ಕೆ ಹೋಯಿತು. ಅಲ್ಲಿ ಸತ್ತ ತಮಿಳರೆಷ್ಟು, ಬಾಂಬಿಗೆ ಸತ್ತವರೆಷ್ಟು ಎಂದು ಇಬ್ಬರೂ ಹೆಣಗಳನ್ನು ತಕ್ಕಡಿಗೆ ಹಾಕತೊಡಗಿದರು. ನನಗೆ ಇಬ್ಬರ ಮೇಲೂ ಮೈಯೆಲ್ಲ ಉರಿಯಿತು.

ಗೆಳತಿ ಕೈ ಚಾಚಿ ನನ್ನ ಮೈಕು ತೆಗೆದುಕೊಂಡಳು. ಇಷ್ಟು ವರ್ಷದಲ್ಲಿ ಅವಳು ಚರ್ಚೆಯಲ್ಲಿ ಬಾಯಿ ತೆರೆದವಳಲ್ಲ. ಅವಳ ಸಂಗತಿ ಗೊತ್ತಿದ್ದವರು ಗೊತ್ತಿಲ್ಲದವರನ್ನು ಸುಮ್ಮನಾಗಿಸಿದರು. ಅವಳು ಜಗಳವಾಡುತ್ತಿದ್ದವರನ್ನು ನೋಡಲಿಲ್ಲ, ಏನಾಯ್ತು ಎಂದು ಕೇಳಿದ ಅಜ್ಜಿಯ ಕಡೆ ತಿರುಗಿದಳು.

"ಆ ಹುಡುಗಿಗೆ ಸೋಪು ಹಚ್ಚಿ ಬಳೆ ತೆಗೆಸಿದ್ರಲ್ಲ, ಗುರುತು ಸಿಗ್ಬಾರ್ದು ಅಂತ. ನಮ್ಮನೆಯವ್ರು ಆ ವರ್ಷ ಆಷಾಢಕ್ಕೆ ರಜಾದಲ್ಲಿ ಬಂದಿದ್ರು. ಬೇಡ ಬೇಡ ಅಂದ್ರೂ ಮಠಕ್ಕೆ ಕರ್ಕೊಂಡು ಹೋಗಿ ನಾನೇ ಮುದ್ರೆ ಹಾಕ್ಸಿದ್ದೆ."

ನಮ್ಮ ವೈಷ್ಣವರ ಮನೆಗಳಲ್ಲಿ ಇದು ಹೇಳಿಸಿಕೊಳ್ಳಬೇಕಾದ ವಿಷಯವಲ್ಲ. ಆಷಾಢದ ಏಕಾದಶಿಯಂದು ಸ್ವಾಮಿಗಳು ಹೋಮದ ಬೆಂಕಿಯಲ್ಲಿ ಕಾಸಿದ ಲೋಹದ ಮುದ್ರೆಯನ್ನು ತೋಳಿಗೆ ಒತ್ತುತ್ತಾರೆ. ಚರ್ಮ ಚುರ್ರೆನ್ನುತ್ತದೆ, ಆಮೇಲೆ ಕಲೆ ಉಳಿಯುತ್ತದೆ. ಅವಳ ಗಂಡನಿಗೆ ಅದು ಒಣಗುವ ಮುಂಚೆಯೇ ಕೊಲಂಬೊಗೆ ವಾಪಸು ಹೋಗಬೇಕಾಗಿ ಬಂದಿತ್ತು. ಅಂಗಿ ತಗುಲಿ ಉರಿಯುತ್ತದೆಂದು ಅವಳ ಮೇಲೆ ರೇಗಿಕೊಂಡೇ ಹೋಗಿದ್ದರಂತೆ.

"ಅವತ್ತು ಅಲ್ಲಿನ ಆಸ್ಪತ್ರೆಯಿಂದ ಒಬ್ಬ ಫೋನ್ ಮಾಡ್ದ. ತೋಳ್ಮೇಲೆ ಏನಾದ್ರೂ ಅಡೆಯಾಳ, ಗುರುತು, ಇದ್ಯಾ ಅಂತ ತಮಿಳಲ್ಲೇ ಕೇಳ್ದ. ಬಲಗೈಗೆ ಚಕ್ರ, ಎಡಗೈಗೆ ಶಂಖ ಅಂದೆ. ನೋಡಿ ಬರ್ತೀನಿ ಅಂತ ಹೋದ. ಬಂದು, ಶಂಖ ಇದೆಮ್ಮಾ ಅಂದ. ಚಕ್ರ ಅಂತ ಕೇಳ್ದೆ. ಶಂಖ ಮಟ್ಟುಂ ತಾಮ್ಮಾ ಅಂದ. ಶಂಖ ಒಂದೇ."

ಕೂಗಾಡಿದ ರೈಲ್ವೆಯವರ ಬಲಗೈ ಅವರ ಎಡತೋಳಿನ ಮೇಲಿತ್ತು, ಅಲ್ಲಿ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದರು. ಕಾಫಿಯ ತಟ್ಟೆ ಹಿಡಿದು ಬಾಗಿಲವರೆಗೂ ಬಂದವರು ಅಲ್ಲೇ ನಿಂತರು.

"ಆ ಕೈಗೇ ಸಂಸ್ಕಾರ ಮಾಡಿದ್ವಿ," ಎಂದಳು. "ಸಿನಿಮಾದೋರು ಅದನ್ನ ತೋರಿಸ್ತಾರೇನೋ ಅಂತ ಬಂದೆ."

ಮೈಕನ್ನು ನನ್ನ ಮಡಿಲಲ್ಲಿಟ್ಟಳು.